ಬುಡದ ಚಿಗುರು

ನನ್ನ ಬಾಯಿ ದೊಡ್ಡದು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜಕ್ಕಲಿಯಲ್ಲಿ ಯಾರನ್ನಾದರೂ ಹಿಡಿದು ಸಿದ್ದರಾಮೇಶನ ಹೆಂಡತಿ ಪುಷ್ಪಾವತಿ ಎಲ್ಲಿ ಎಂದು ಕೇಳಿ, "ಯಾರು, ಆ ಬಾಯಿಬಡಕಿ ಏನು?" ಎನ್ನುತ್ತಾರೆ. ಎನ್ನಲಿ. ಬಾಯಿ ಇಲ್ಲದಿದ್ದರೆ ಈ ಮನೆಯಲ್ಲಿ ಇಪ್ಪತ್ತಾರು ವರ್ಷ ನಾನು ಬಾಳುತ್ತಲೂ ಇರಲಿಲ್ಲ, ಹಳ್ಳದ ದಂಡೆಯ ಆ ಎರಡು ಎಕರೆಯಲ್ಲಿ ದಾಳಿಂಬೆ ಏಳುತ್ತಲೂ ಇರಲಿಲ್ಲ.

ನಮ್ಮದು ಕೂಡಿದ ಮನೆ. ಹದಿನೆಂಟು ಎಕರೆ ಹೊಲದಲ್ಲಿ ಏನು ಬಿತ್ತಬೇಕು, ಯಾವಾಗ ಬಿತ್ತಬೇಕು ಎಂಬುದನ್ನೆಲ್ಲ ಹೇಳುವವರು ನನ್ನ ಭಾವ ಅರ್ಜುನಪ್ಪನವರು, ಅಂದರೆ ನಮ್ಮವರ ಅಣ್ಣ. ಅವರು ಹೆಸರು ಎಂದರೆ ಹೆಸರು, ಕಡಲೆ ಎಂದರೆ ಕಡಲೆ. ನಮ್ಮವರು ತಲೆ ಅಲ್ಲಾಡಿಸಿ ಎತ್ತು ಹೂಡುತ್ತಾರೆ. ಹತ್ತು ವರ್ಷದ ಹಿಂದೆ ನಾನು ಮೂರು ತಿಂಗಳು ಕಿತ್ತಾಡಿ ಆ ಎರಡು ಎಕರೆ ಬಿಡಿಸಿಕೊಂಡೆ. ಕರಿ ಎರೆಗೆ ಕೆಂಪು ಮಸಾರಿ ಮಣ್ಣು ಬೆರೆತ, ಕಲ್ಲು ತುಂಬಿದ ನೆಲ. ಅದರಲ್ಲಿ ಭಗವಾ ತಳಿಯ ಆರುನೂರು ದಾಳಿಂಬೆ ಗಿಡ ಹಚ್ಚಿದೆ. ಮೂವತ್ತು ಸಾಲು, ಸಾಲಿಗೆ ಇಪ್ಪತ್ತು. ಊರೆಲ್ಲ ನಕ್ಕಿತು. ನಾಲ್ಕನೇ ವರ್ಷ ಕಾಯಿ ಹಿಡಿದ ಮೇಲೆ ನಗು ನಿಂತಿತು. ಆಮೇಲಾಮೇಲೆ ದಾರಿಯಲ್ಲಿ ಹೋಗುವವರು "ಪುಷ್ಪಾನ ತೋಟದ ಹಂತ್ಯಾಕ ನಿಲ್ಲು, ಬರ್ತೀನಿ" ಎನ್ನತೊಡಗಿದರು. ಮನೆ ಮಾವನ ಹೆಸರಿನದು, ಹೊಲ ಮಾವನ ಹೆಸರಿನದು, ಕಣ, ಬಾವಿ, ಕೊಟ್ಟಿಗೆ ಎಲ್ಲಕ್ಕೂ ಯಾರಾದರೂ ಗಂಡಸಿನ ಹೆಸರಿದೆ. ನನ್ನ ಹೆಸರಿದ್ದದ್ದು ಅದೊಂದಕ್ಕೇ.

ದಾಳಿಂಬೆಗೆ ಒಂದು ಕೆಟ್ಟ ಚಟವಿದೆ. ಬುಡದಿಂದ ಚಿಗುರು ಒಡೆಯುತ್ತಲೇ ಇರುತ್ತದೆ. ಬಿಟ್ಟರೆ ಮೇಲಿನ ಕಾಯಿಗೆ ಹೋಗಬೇಕಾದ ಸಾರವನ್ನೆಲ್ಲ ಅದೇ ಕುಡಿದುಬಿಡುತ್ತದೆ. ಕಳ್ಳ ಚಿಗುರು ಎನ್ನುತ್ತೇವೆ ನಾವು. ಎಳೆಯದಿರುವಾಗಲೇ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಬುಡಸಮೇತ ಚಿವುಟಿ ಎಳೆಯಬೇಕು. ಹತ್ತು ವರ್ಷ, ವಾರಕ್ಕೊಮ್ಮೆ, ಆರುನೂರು ಗಿಡಕ್ಕೂ ಬಗ್ಗಿ ಇದನ್ನು ಮಾಡಿದ್ದೇನೆ. ಬಾಯಿ ತನ್ನ ಪಾಡಿಗೆ ಮಾತಾಡುತ್ತಿದ್ದರೆ ಕೈ ತನ್ನ ಪಾಡಿಗೆ ಕೀಳುತ್ತಿರುತ್ತಿತ್ತು.

ಇನ್ನು ಬೆಂಕಿಯ ವಿಷಯ. ಹಚ್ಚಿದವರು ಯಾರೋ ವೈರಿಗಳಲ್ಲ, ನಮ್ಮ ಮನೆಯವರೇ.

ನಮ್ಮ ಕಡೆ ಬೇಸಿಗೆ ಕೊನೆಗೆ, ಮುಂಗಾರಿನ ಮಿರಗದ ಮಳೆಗೆ ಮುಂಚೆ, ಬದುವಿನ ಒಣಹುಲ್ಲು ಸುಡುವ ರೂಢಿ. ಹುಳ ಸಾಯುತ್ತದೆ, ಬೂದಿ ನೆಲಕ್ಕೆ ಬೀಳುತ್ತದೆ, ಬದು ಚೊಕ್ಕಟಾಗುತ್ತದೆ ಎಂದು ಲೆಕ್ಕ. ನಮ್ಮವರು ಹುಡುಗರಿದ್ದಾಗಿನಿಂದ ಸುಡುತ್ತ ಬಂದಿದ್ದಾರೆ. ಆದರೆ ಈ ವರ್ಷ ತೋಟದಲ್ಲಿ ಹೊಸದೊಂದು ಕೆಲಸ ಮಾಡಿದ್ದೆವು. ತೇವ ಉಳಿಯಲಿ ಎಂದು ಗಿಡಗಳ ಬುಡಕ್ಕೆಲ್ಲ ಗೋವಿನಜೋಳದ ರವದಿ, ಅಂದರೆ ಒಣಗಿದ ಎಲೆ ಸಿಪ್ಪೆ, ಹರವಿದ್ದೆವು, ಮೊಳಕಾಲು ಮಟ್ಟ. ಬಸವ ಜಯಂತಿ ಮುಗಿದ ನಾಲ್ಕನೇ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಳ್ಳದ ಕಡೆ ಹೊಗೆ ಕಂಡಿತು. ಬದು ಸುಡುತ್ತಿದ್ದಾರೆ ಎಂದುಕೊಂಡೆ. ಎರಡನೇ ರೊಟ್ಟಿ ತಿರುವುವಷ್ಟರಲ್ಲಿ ನೆನಪಾಯಿತು. ರವದಿ! ಹಿಟ್ಟಿನ ಕೈಯಲ್ಲೇ ಓಡಿದೆ.

ನಾನು ಮುಟ್ಟುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಗಾಳಿ ಬಿಟ್ಟಿತ್ತಂತೆ, ಬದುವಿನಿಂದ ಹಾರಿತ್ತಂತೆ. ರವದಿ ಉರಿದು, ನೀರಿನ ಪೈಪು ಕರಗಿ, ಗಿಡಗಳು ಬುಡದಿಂದ ತುದಿಯವರೆಗೆ ಕರಿಕಟ್ಟಿ ನಿಂತಿದ್ದವು. ನಮ್ಮವರು ಕೃಷಿಹೊಂಡದ ಪಕ್ಕ ಕೊಡ ಹಿಡಿದುಕೊಂಡು ಕೂತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರಲ್ಲ, ಇವರ ಹತ್ತಿರ ತೋಡಿದ ಹೊಂಡವೇ ಇತ್ತು, ಆದರೂ ಉಪಯೋಗವಾಗಲಿಲ್ಲ.

"ಏನ್ ಮಾಡಿದ್ರಿ? ಏನ್ ಮಾಡಿದ್ರಿ ಇದು?" ಎಂದು ಕೂಗಿದೆ.

"ಬದು ಸುಡಾಕ ಹಚ್ಚಿದ್ನಿ. ವರ್ಷಾ ಹಚ್ತೀನಲ್ಲ..."

"ವರ್ಷಾ ಬುಡಕ್ಕ ರವದಿ ಇರತಿತ್ತೇನ್ರಿ? ಹನ್ನೊಂದು ಟ್ರಾಲಿ ತಂದವರು ಯಾರು? ನೀವ. ಹರವಿದವರು ಯಾರು? ನೀವ. ಒಂದ್ ಚೂರರ ನೆನಪಾಗಲಿಲ್ಲ?"

"ಆಗಲಿಲ್ಲ ಪುಷ್ಪಾ. ತಲಿ ಎಲ್ಲೋ ಇತ್ತು, ಕೈ ಹಚ್ಚಿಬಿಡ್ತು."

"ಕೈ ಹಚ್ಚಿಬಿಡ್ತಂತ! ನಿಮ್ಮ ಕೈಗೆ ಬ್ಯಾರೆ ತಲಿ ಐತೇನು?"

ಆ ಮಾತನ್ನು ನಾನು ಮುಂದಿನ ಮೂರು ತಿಂಗಳು ದಿನಕ್ಕೆ ಹತ್ತು ಸಲ ಅಂದಿದ್ದೇನೆ. ಊಟಕ್ಕೆ ಕೂತರೆ ಅದೇ, ನೀರು ಕೇಳಿದರೆ ಅದೇ. ಅವತ್ತೇ ಅವರ ಅಂಗಿ ಕಿಸೆಗೆ ಕೈ ಹಾಕಿ ಕಡ್ಡಿಪೆಟ್ಟಿಗೆ ಕಸಿದುಕೊಂಡು ನನ್ನ ಎಲೆ ಅಡಿಕೆಯ ಸಂಚಿಯೊಳಗೆ ಹಾಕಿಕೊಂಡೆ. ಬೀಡಿ ಸೇದಬೇಕಾದರೆ ನನ್ನ ಮುಂದೆ ಬಂದು ನಿಲ್ಲಬೇಕು, ನಾನೇ ಕಡ್ಡಿ ಗೀರಬೇಕು. ಇನ್ನೊಂದು ಕಟ್ಟಳೆಯನ್ನೂ ಹಾಕಿದೆ. "ಇನ್ನ ಮ್ಯಾಲೆ ಸಾಲಿನೊಳಗ ಕಾಲಿಡಬ್ಯಾಡ್ರಿ. ಏನಿದ್ರೂ ಬದುವಿನ ಮ್ಯಾಲೆ ನಿಂತು ಮಾತಾಡ್ರಿ." ಅವರು ಹ್ಞೂಂ ಎಂದರು. ಅವರು ಯಾವತ್ತೂ ಹ್ಞೂಂ ಎನ್ನುವುದೇ.

ಗಿಡ ಸುಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ನೆಲ ಸುಟ್ಟದ್ದು ಮರುದಿನ ತಿಳಿಯಿತು. ಬುಡಕ್ಕೆ ಒಂದು ಕೊಡ ನೀರು ಹಾಕಿದರೆ ಕುಡಿಯಲೊಲ್ಲದು. ಎಣ್ಣೆ ಸವರಿದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಹನಿಹನಿಯಾಗಿ ಮೇಲೆಯೇ ಉರುಳಿ ಸಾಲಿನಾಚೆ ಹರಿದುಹೋಯಿತು. ಬೆರಳಿನಿಂದ ಕೆದರಿದೆ. ಮೇಲೆ ಬೂದಿ, ಕೆಳಗೆ ನಾಲ್ಕು ಬೆರಳಿನಷ್ಟು ಗಟ್ಟಿ ಕರಿ ಪದರ, ಅದರ ಕೆಳಗೆ ಒಣ ಹುಡಿ. ಹತ್ತು ವರ್ಷ ಸಗಣಿ ಹೊತ್ತು ಹಾಕಿ ಮೆತ್ತಗೆ ಮಾಡಿದ ನೆಲ. ಒಂದು ಹಿಡಿ ಮಣ್ಣು ಎತ್ತಿದರೆ ನಾಲ್ಕು ಎರೆಹುಳ ಸಿಗುತ್ತಿದ್ದವು. ಅವತ್ತು ಆರು ಗಿಡದ ಬುಡ ಕೆದರಿದರೂ ಒಂದು ಸಿಗಲಿಲ್ಲ. ಗಿಡ ನೋಡಿದಾಗ ಬರದ ಅಳು ಆ ಮಣ್ಣು ನೋಡಿದಾಗ ಬಂತು.

ಊರಿನವರ ಉಪಕಾರ ಇನ್ನೊಂದು. ಮೂರನೇ ದಿನ ಓಣಿಯ ಸಕ್ರವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಹಿಂದೆ ಇನ್ನೂ ಮೂವರು. ಬುಟ್ಟಿ ತುಂಬ ಒಲೆಯ ಬೂದಿ!

"ಬೂದಿ ಹಾಕ ಪುಷ್ಪವ್ವ, ಬೂದಿ ಗಿಡಕ್ಕ ಭಾಳ ಚಲೋ. ಮನಿಮನಿಗೆ ಹೋಗಿ ಕೂಡಿಸೇವಿ," ಎಂದಳು ಸಕ್ರವ್ವ.

"ಎಲಾ ಶಿವನ! ಸುಟ್ಟ ಹೊಲಕ್ಕ ಬೂದಿ ಹೊತ್ತು ತರ್ತೀರಲ್ಲ, ನಿಮಗೇನ ಹೇಳಬೇಕು? ಇಲ್ಲೇನ ಬೂದಿ ಕಡಿಮಿ ಆಗೈತೇನು?"

ಸಕ್ರವ್ವ ಮುಖ ಸಣ್ಣ ಮಾಡಿಕೊಂಡು ಬುಟ್ಟಿ ಇಳಿಸಿದಳು. ಪಾಪ, ಒಳ್ಳೆಯದಕ್ಕೇ ಬಂದಿದ್ದಳು. ಆದರೆ ಅವತ್ತು ನನಗೆ ದೇವರು ಬಂದಿದ್ದರೂ ಬೈಸಿಕೊಂಡು ಹೋಗುತ್ತಿದ್ದ.

ರೋಣದಿಂದ ತೋಟಗಾರಿಕೆ ಇಲಾಖೆಯ ಗುಲ್ಷನ ಮೇಡಂ ಸ್ಕೂಟಿಯ ಮೇಲೆ ಬಂದದ್ದು ಐದನೇ ದಿನ. ಸಣ್ಣ ವಯಸ್ಸಿನ ಹೆಣ್ಣುಮಗಳು. ಆದರೆ ಮಾತು ಕಡಿಮೆ, ಕೆಲಸ ಹೆಚ್ಚು. ಬಂದವಳೇ ಸುಟ್ಟ ಗಿಡದ ಬುಡಕ್ಕೆ ಕೂತು, ನೆಲಮಟ್ಟದಲ್ಲಿ ತೊಗಟೆಯನ್ನು ಉಗುರಿನಿಂದ ಗೀರಿದಳು. ಮೇಲೆ ಕಪ್ಪು, ಒಳಗೆ ಒಂದು ಗೆರೆ ಹಸಿರು.

"ನೋಡ್ರಿ, ಇನ್ನೂ ಜೀವ ಐತಿ. ಎಲ್ಲಾದರಾಗೂ ಇರಂಗಿಲ್ಲ, ಭಾಳಷ್ಟರಾಗ ಐತಿ. ಈಗ ಗಿಡದ ಚಿಂತಿ ಬಿಡ್ರಿ, ಮೊದಲ ಮಣ್ಣ ನೋಡ್ರಿ," ಎಂದಳು.

ಅವಳು ಹೇಳಿದ್ದು ಇಷ್ಟು. ಮೇಲಿನ ಬೂದಿ ಬಳಿದು ಆಚೆ ಹಾಕಬೇಕು, ನಮ್ಮ ನೆಲದಲ್ಲಿ ಮೊದಲೇ ಸುಣ್ಣದ ಅಂಶ ಜಾಸ್ತಿ, ಬೂದಿ ಬಿದ್ದರೆ ಇನ್ನೂ ಕೆಡುತ್ತದೆ. ಗಟ್ಟಿ ಪದರವನ್ನು ಬೇರಿಗೆ ತಾಗದ ಹಾಗೆ, ಕಳೆ ತೆಗೆಯುವ ಕುರ್ಪಿಯಿಂದ ಒಡೆಯಬೇಕು. ಕಳಿತ ತಿಪ್ಪೆಗೊಬ್ಬರ ಹಾಕಿ, ನೀರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪ ದಿನಾ ಕೊಡಬೇಕು. ಸಾಲಿನ ನಡುವೆ ಸೆಣಬು ಬಿತ್ತಿ, ಹೂವಿಗೆ ಬಂದಾಗ ಅಲ್ಲೇ ಮಣ್ಣಿಗೆ ಸೇರಿಸಬೇಕು. ಸತ್ತ ಕೊಂಬೆಯನ್ನು ಕತ್ತರಿಸಬೇಕು.

"ಇನ್ನೊಂದು ಮಾತ್ರೀ," ಎಂದಳು ಹೋಗುವಾಗ. "ಚಿಗುರು ಮ್ಯಾಲಿಂದ ಬರಂಗಿಲ್ಲ, ಬುಡದಿಂದ ಬರ್ತಾವು. ಇವು ಕಸಿ ಗಿಡ ಅಲ್ಲ, ತಾಯಿಗಿಡದ ಟೊಂಗಿಗೇ ಬೇರು ಬರಿಸಿ ಹಚ್ಚಿದ್ದು. ಹಂಗಾಗಿ ಬುಡದಾಗ ಬಂದದ್ದೂ ಅದ ಭಗವಾ ತಳಿ. ಅದನ್ನ ಬೆಳಸ್ರಿ, ಎರಡು ವರ್ಷದಾಗ ತ್ವಾಟ ತಿರುಗಿ ನಿಲ್ತೈತಿ. ಇಷ್ಟು ದಿನ ಕಳ್ಳ ಚಿಗುರು ಅಂತ ಕಿತ್ತೀರಿ, ಈ ಸಲ ಅದ ನಿಮ್ಮ ಗಿಡ. ಮುಟ್ಟಬ್ಯಾಡ್ರಿ."

"ನಂಗೇನ ತಿಳಿಯಂಗಿಲ್ಲೇನು ಮೇಡಮ್ಮಾರ?" ಎಂದು ನಾನು ನಕ್ಕೆ.

ಭಾವ ಅರ್ಜುನಪ್ಪನವರಿಗೆ ಇದೆಲ್ಲ ಪುರಾಣ. ಅವರು ಬದುವಿನ ಮೇಲೆ ನಿಂತು ಒಂದು ಸಲ ನೋಡಿದರು, "ಸತ್ತದ್ದು ಸತ್ತೈತಿ ಪುಷ್ಪವ್ವ. ಕಿತ್ತು ಒಗಿಸಿ ಹಿಂಗಾರಿಗೆ ಕಡ್ಲಿ ಬಿತ್ತೂಣು," ಎಂದರು. ನಾನು ಬಿಡಲಿಲ್ಲ. ಎರಡು ದಿನ ಅಡಿಗೆ ಮಾಡಲಿಲ್ಲ. ಕೊನೆಗೆ ಅವರು ಒಂದು ಮಾತಿಗೆ ಬಂದರು.

"ಪಂಚಮಿ ತನಕ ಬಿಡ್ತೀನಿ. ಪಂಚಮಿ ಮರುದಿನ ಬಂದು ಎಣಸ್ತೀನಿ. ಆರುನೂರಾಗ ಅರ್ಧ ಗಿಡ, ಮುನ್ನೂರು, ಚಿಗತಿದ್ರ ತ್ವಾಟ ನಿಂದು. ಒಂದ್ ಕಡಿಮಿ ಇದ್ರೂ ಜೆಸಿಬಿ ಬರ್ತೈತಿ. ಆಮ್ಯಾಲೆ ಬಾಯಿ ಮಾಡಬಾರದು."

"ಆತ್ರಿ ಭಾವಾರ," ಎಂದೆ.

ಆ ಮೂರು ತಿಂಗಳು ನಾನು ಹೇಗೆ ದುಡಿದೆ ಎಂದು ಹೇಳಲು ಹೋದರೆ ಜಂಬವೆನಿಸುತ್ತದೆ. ಆದರೂ ಹೇಳುತ್ತೇನೆ. ಆರುನೂರು ಬುಡದ ಬೂದಿ ಬಳಿದೆ. ಆರುನೂರು ಬುಡದ ಪದರ ಕುರ್ಪಿಯಿಂದ ಒಡೆದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದವು. ನಮ್ಮವರು ತಿಪ್ಪೆಯಿಂದ ಗೊಬ್ಬರ ತಂದು ಬದುವಿನ ಮೇಲೆ ಸುರಿಯುವುದು, ನಾನು ಅಲ್ಲಿಂದ ಬುಟ್ಟಿಯಲ್ಲಿ ಹೊತ್ತು ಸಾಲಿನೊಳಗೆ ಹಾಕುವುದು. "ನಾನೂ ಒಳಗ ಬರ್ತೀನಿ, ಲಗೂ ಮುಗೀತೈತಿ," ಎಂದು ಅವರು ಎಷ್ಟೋ ಸಲ ಹೇಳಿದರು. ನಾನು ಬಿಡಲಿಲ್ಲ. ಹಟವೆಂದರೆ ಹಟ.

ಕಾರಹುಣ್ಣಿಮೆ ಮುಗಿದು ಹತ್ತು ದಿನಕ್ಕೆ ಮೊದಲನೇ ಚಿಗುರು ಕಂಡಿತು. ಹದಿನಾಲ್ಕನೇ ಸಾಲಿನ ಐದನೇ ಗಿಡ. ಕೆಂಪಗೆ, ಅಕ್ಕಿಕಾಳಿನಷ್ಟು. ನಾನು ನೆಲಕ್ಕೆ ಕೂತು ಅದನ್ನೇ ನೋಡಿದೆ. ಅಲ್ಲಿಂದ ದಿನಕ್ಕೆ ಐದು, ಹತ್ತು. ನೀರು ಹಾಕಿದರೆ ನೆಲ ಈಗ ಕುಡಿಯುತ್ತಿತ್ತು. ಸೆಣಬು ಮೊಳಕಾಲೆತ್ತರ ಎದ್ದಿತ್ತು. ಒಂದು ಬೆಳಿಗ್ಗೆ ಗೊಬ್ಬರದ ಕೆಳಗೆ ಎರೆಹುಳವೂ ಸಿಕ್ಕಿತು, ಸಣ್ಣದು, ದಾರದ ಹಾಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಬದುವಿನವರೆಗೂ ಹೋಗಿ ನಮ್ಮವರಿಗೆ ತೋರಿಸಿದೆ. ಅವರು ಏನೋ ಹೇಳಲು ಬಾಯಿ ತೆರೆದರು. "ಇದನ್ನೂ ನೀವ ಸುಟ್ಟಿದ್ರಿ," ಎಂದು ನಾನೇ ಮೊದಲು ಅಂದುಬಿಟ್ಟೆ. ಅವರು ಬಾಯಿ ಮುಚ್ಚಿದರು.

ಪಂಚಮಿಯ ಹಿಂದಿನ ದಿನ ಎಣಿಸಿದೆ. ಚಿಗುರಿದ ಗಿಡ ಮುನ್ನೂರ ಇಪ್ಪತ್ತೆರಡು. ಎರಡು ಸಲ ಎಣಿಸಿದೆ. ಮುನ್ನೂರ ಇಪ್ಪತ್ತೆರಡೇ. ಉಳಿದವು ಸತ್ತಿರಲಿ, ಅವುಗಳ ಜಾಗಕ್ಕೆ ಹೊಸ ಗಿಡ ಹಚ್ಚಿದರಾಯಿತು. ತೋಟ ಉಳಿಯಿತು ಎಂದುಕೊಂಡೆ.

ಪಂಚಮಿ ದಿನ ಊರ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದರು. ನಾನು ನಾಗಪ್ಪನಿಗೆ ಹಾಲೆರೆದು, ಒಂದು ಉಂಡಿ ಬಾಯಿಗೆ ಹಾಕಿಕೊಂಡು ತೋಟಕ್ಕೆ ಬಂದೆ. ನಾಳೆ ಭಾವ ಬರುತ್ತಾರೆ, ಬದುವಿನ ಪಕ್ಕದ ಸಾಲುಗಳಲ್ಲಿ ಕಸ ಬೆಳೆದಿದೆ, ಚಿಗುರು ಅದರಲ್ಲಿ ಮುಚ್ಚಿ ಕಾಣದೆ ಹೋದರೆ ಎಣಿಕೆ ತಪ್ಪೀತು ಎಂಬ ಚಿಂತೆ. ಇಷ್ಟು ದಿನ ಕಸ ತೆಗೆದದ್ದು ಕುರ್ಪಿಯಿಂದ. ಆದರೆ ಪಂಚಮಿ ದಿನ ನೆಲಕ್ಕೆ ಕಬ್ಬಿಣ ಹಚ್ಚಬಾರದು. ನಾಗಪ್ಪ ನೆಲದೊಳಗಿರುತ್ತಾನೆ, ಉಳಬಾರದು, ಅಗೆಯಬಾರದು. ಆ ರೂಢಿಯನ್ನು ಮುರಿಯುವಷ್ಟು ಧೈರ್ಯ ನನಗೂ ಇಲ್ಲ. ಕುರ್ಪಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈಯಿಂದ ಕಿತ್ತರೆ ದೋಷವಿಲ್ಲವಲ್ಲ ಎಂದು ಮೊದಲನೇ ಸಾಲಿಗೆ ಬಗ್ಗಿದೆ.

ಆಗ ನಮ್ಮವರು ಬದುವಿನ ಮೇಲೆ ಬಂದು ನಿಂತರು.

"ಪುಷ್ಪಾ, ಅಣ್ಣ ಜೆಸಿಬಿಯವನಿಗೆ ನಾಳೆ ಮುಂಜಾನೆ ಬಾ ಅಂತ ಫೋನ್ ಮಾಡ್ಯಾನ."

ಬಗ್ಗಿದ್ದವಳು ಎದ್ದು ನಿಂತೆ. "ಎಣಸೋಕಿಂತ ಮೊದಲ? ನೀವೇನ ಅಂದ್ರಿ?"

"ನಾ ಏನ ಅನ್ನಲಿ?"

"ಏನ ಅನ್ನಲಿ! ಮುನ್ನೂರ ಇಪ್ಪತ್ತೆರಡು ಅದಾವು, ಜೆಸಿಬಿ ಬ್ಯಾಡ ಅಣ್ಣಾ, ಅಂತ ಅನ್ನಾಕ ನಿಮ್ಮ ಬಾಯಾಗ ಏನ ಕಡಬು ತುರುಕಿದ್ರು? ಬೆಂಕಿ ಹಚ್ಚಾಕ ಬರ್ತೈತಿ, ಒಂದ್ ಮಾತ ಆಡಾಕ ಬರಂಗಿಲ್ಲ!"

ಅಲ್ಲಿಂದ ಶುರುವಾಯಿತು. ಬಸವ ಜಯಂತಿಯಿಂದ ಹಿಡಿದು ಮದುವೆಯಾದ ವರ್ಷದವರೆಗೂ ಹಿಂದಕ್ಕೆ ಹೋದೆ. ನಾನು ಸಾಲು ಹಿಡಿದು ಬಗ್ಗಿಬಗ್ಗಿ ಮುಂದೆ ಸಾಗುತ್ತಿದ್ದೆ, ಅವರು ಬದುವಿನ ಮೇಲೆ ನನ್ನ ಸರಿಸಮಕ್ಕೆ ನಡೆಯುತ್ತಿದ್ದರು.

"ಪುಷ್ಪಾ, ಕೈ..." ಎಂದರು.

"ಕೈ! ಆ ಕೈ ಸುದ್ದಿ ತೆಗೀಬ್ಯಾಡ್ರಿ ನನ್ನ ಮುಂದ! ಕೈ ಹಚ್ಚಿಬಿಡ್ತಂತ!"

"ಹಂಗಲ್ಲ, ನಿನ್ನ..."

"ನನ್ನ ಬಾಯಿ ಭಾಳ ಅಂತೀರೇನು? ಹೌದು ಭಾಳ. ನಿಮಗ ಇಲ್ಲದ್ದಕ್ಕ ನನಗ ಎರಡು ಕೊಟ್ಟಾನ ಆ ದೇವರು."

"ಏ, ನೋಡ ಸ್ವಲ್ಪ..."

"ಏನ ನೋಡಲಿ? ನಿಮ್ಮ ಮಾರಿ ನೋಡಲೇನು? ಸುಮ್ಮನಿರ್ರಿ ಅಲ್ಲೇ!"

ಮೊದಲನೇ ಸಾಲು ಮುಗಿಯಿತು. ಎರಡನೇ ಸಾಲು ಹಿಡಿದು ವಾಪಸು ಬಂದೆ. ಬೈದು ಬೈದು ಎದೆ ಹಗುರವಾಗುತ್ತಿತ್ತು, ಕೆಲಸವೂ ಸರಸರ ಸಾಗುತ್ತಿತ್ತು. ಬಹಳ ದಿನದ ಮೇಲೆ ಕೈಗೆ ಹಳೆಯ ಚುರುಕು ಬಂದಿದೆ ಎಂದು ಒಳಗೊಳಗೇ ಖುಷಿಯೂ ಆಯಿತು. ಮೂರನೇ ಸಾಲಿನಲ್ಲಿ ಏಳನೇ ಗಿಡದ ಹತ್ತಿರ ಇದ್ದೆ. ದಡದಡ ಹೆಜ್ಜೆ ಸಪ್ಪಳ ಕೇಳಿತು. ನಮ್ಮವರು ಬದು ಇಳಿದು, ಎರಡು ಸಾಲು ದಾಟಿ ಓಡಿಬಂದು, ನನ್ನ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಇಪ್ಪತ್ತಾರು ವರ್ಷದಲ್ಲಿ ಹಾಗೆ ಹಿಡಿದವರಲ್ಲ.

"ಸಾಲಿನೊಳಗ ಯಾಕ ಬಂದ್ರಿ?" ಎಂದು ಅಬ್ಬರಿಸಿದೆ.

ಅವರು ಹಿಡಿದ ಕೈಯನ್ನು ನನ್ನ ಕಣ್ಣ ಮುಂದೆ ಎತ್ತಿದರು.

ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಗುರಿತ್ತು. ಗೇಣುದ್ದ, ಎಂಟು ಎಲೆ, ತುದಿ ಕೆಂಪಗೆ. ಬುಡಸಮೇತ ಬಂದಿತ್ತು.

ತಿರುಗಿ ನೋಡಿದೆ. ಎರಡು ಸಾಲಿನುದ್ದಕ್ಕೂ ನಾನು ಕಿತ್ತೊಗೆದ ಕಸ ಬಿದ್ದಿತ್ತು, ಅದರ ನಡುನಡುವೆ ದಾಳಿಂಬೆಯ ಚಿಗುರು. ಓಡಿಹೋಗಿ ಒಂದೊಂದೇ ಬುಡ ನೋಡಿದೆ. ಒಂದನ್ನಾದರೂ ಬಿಟ್ಟಿದ್ದರೆ ಕೇಳಿ! ಹತ್ತು ವರ್ಷದ ಕೈ, ಚೊಕ್ಕಟಾಗಿ ಕಿತ್ತಿತ್ತು. ಎರಡು ಸಾಲು ಮತ್ತು ಏಳು ಗಿಡ. ಅದರಲ್ಲಿ ಚಿಗುರಿದ್ದ ಗಿಡಗಳು ಇಪ್ಪತ್ತೇಳು. ಮುನ್ನೂರ ಇಪ್ಪತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಇನ್ನೂರ ತೊಂಬತ್ತೈದು. ಐದು ಕಡಿಮೆ.

ಚಿಗುರನ್ನು ಮತ್ತೆ ಬುಡಕ್ಕೆ ಇಟ್ಟು ಮಣ್ಣು ಒತ್ತಿದೆ. ಹುಚ್ಚಿಯ ಹಾಗೆ ನಾಲ್ಕೈದು ಗಿಡಕ್ಕೆ ಹಾಗೆ ಮಾಡಿದೆ, ಅವು ಅಲ್ಲೇ ಬಾಡಿ ಬಿದ್ದವು. ಆಮೇಲೆ ಗುಲ್ಷನ ಮೇಡಂಗೆ ಫೋನ್ ಹಚ್ಚಿದೆ. "ಬೇರಿಗೆ ಜೀವ ಐತಲ್ರೀ, ಮತ್ತ ಬರ್ತಾವು. ಹದಿನೈದು ಇಪ್ಪತ್ತು ದಿನ ಹಿಡೀತೈತಿ," ಎಂದಳು. ಇಪ್ಪತ್ತು ದಿನ! ನನ್ನ ಹತ್ತಿರ ಒಂದು ರಾತ್ರಿಯಿತ್ತು. ಯಾರನ್ನು ಬೈಯಲಿ? ಬೈಯಲು ಯಾರೂ ಇರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ನನಗೆ ಆವರೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಭಾವ ಬಂದರು. ಹಿಂದೆ ಜೆಸಿಬಿ ಬಂದು ದಾರಿಯ ಮೇಲೆ ನಿಂತಿತು. ಭಾವ ಸಾಲು ಸಾಲಾಗಿ ನಡೆದು, ಬಗ್ಗಿ ನೋಡಿ, ಹತ್ತು ಗಿಡಕ್ಕೊಂದು ಕಲ್ಲನ್ನು ಕಿಸೆಗೆ ಹಾಕಿಕೊಳ್ಳುತ್ತ ಎಣಿಸಿದರು. ಮೋಸದ ಮನುಷ್ಯರಲ್ಲ. ಅಕ್ಕಿಕಾಳಿನಷ್ಟು ಚಿಗುರಿದ್ದರೂ ಲೆಕ್ಕಕ್ಕೆ ಹಿಡಿದರು. ಮೂವತ್ತನೇ ಸಾಲು ಮುಗಿಸಿ ಬಂದು ಕಲ್ಲುಗಳನ್ನು ಬದುವಿನ ಮೇಲೆ ಸುರಿದರು.

"ಇನ್ನೂರ ತೊಂಬತ್ತೈದು. ಐದು ಕಡಿಮಿ ಬಿತ್ತು ಪುಷ್ಪವ್ವ. ಮಾತು ಅಂದ್ರ ಮಾತು."

ಆಗ ನಮ್ಮವರು ಮುಂದೆ ಬಂದರು. "ಅಣ್ಣಾ, ಮುನ್ನೂರ ಇಪ್ಪತ್ತೆರಡು ಇದ್ದವು. ಇಪ್ಪತ್ತೇಳು ನಿನ್ನಿ... ನಾ ಕಿತ್ತೆ."

"ನೀನಾ?"

"ಹ್ಞೂಂ. ಕಸ ತೆಗೀತಿದ್ದೆ, ಲಕ್ಷ್ಯ ಇರಲಿಲ್ಲ."

ಭಾವ ಹಣೆ ಹಣೆ ಬಡಿದುಕೊಂಡರು. "ನೀನ ಇರಬೇಕು ಬಿಡು! ಬೆಂಕಿ ಹಚ್ಚಿದವನೂ ನೀನ, ಚಿಗರು ಕಿತ್ತವನೂ ನೀನ. ಈ ಹೆಣಮಗಳ ಹಣೆಬರಹದಾಗ ನೀ ಯಾಕರ ಬಂದಿ ಅಂತೀನಿ!"

ಖರೇ ಹೇಳುತ್ತೇನೆ, ಒಂದು ಗಳಿಗೆ ನಾನು ಸುಮ್ಮನಿದ್ದೆ. ಎಷ್ಟು ಸುಲಭವಿತ್ತು! ಬೆಂಕಿಯ ಬುಟ್ಟಿ ಹೇಗೂ ಅವರ ತಲೆಯ ಮೇಲಿತ್ತು, ಅದರ ಮೇಲೆ ಇದೊಂದು ಹಿಡಿ ಹಾಕಿದರೆ ಅವರಿಗೇನು ಭಾರ? ಊರೂ ನಂಬುತ್ತಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ, ನೆಲ ನೋಡುತ್ತ ನಿಂತಿದ್ದರು. ಬೆಂಕಿ ಬಿದ್ದ ದಿನವೂ ಹಾಗೇ ನಿಂತಿದ್ದರು.

"ಅವರಲ್ಲ ಭಾವಾರ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. "ಅವರಲ್ಲ. ನಾ ಕಿತ್ತೀನಿ. ಅವರನ್ನ ಬೈಕೋತ ಕಸ ಕೀಳಾಕತ್ತಿದ್ದೆ. ತಲಿ ಎಲ್ಲೋ ಇತ್ತು..." ಮುಂದೆ ಹೇಳಬೇಕಾದದ್ದು ಒಂದೇ ಮಾತು. ಅದು ಯಾರ ಮಾತು ಎಂದು ನನಗೆ ಗೊತ್ತಿತ್ತು. ನುಂಗಲಾರದೆ ಹೇಳಿಯೇ ಬಿಟ್ಟೆ. "ಕೈ ಕಿತ್ತುಬಿಡ್ತು."

ಭಾವ ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. ಕೊನೆಗೆ ಹೆಗಲ ಮೇಲಿನ ಟಾವೆಲು ಕೊಡವಿ ಮತ್ತೆ ಹಾಕಿಕೊಂಡರು.

"ಅವ ಸುಟ್ಟ, ನೀ ಕಿತ್ತಿ. ಈ ತ್ವಾಟ ಹಾಳು ಮಾಡಾಕ ನೀವಿಬ್ಬರ ಸಾಕು. ನಾ ಯಾಕ ಜೆಸಿಬಿ ತರಸಲಿ?" ಎಂದವರೇ ದಾರಿಯ ಕಡೆ ಕೈ ಬೀಸಿ, "ಏ ತಮ್ಮಾ, ಹೋಗ ನೀ," ಎಂದು ಕೂಗಿದರು. "ದಸರಾಕ್ಕ ಬನ್ನಿ ಮುಡಿಯೂದರ ತನಕ ನೋಡ್ತೀನಿ ಪುಷ್ಪವ್ವ. ನಿನ್ನ ಚಿಗರಿನ ಸಲುವಾಗಲ್ಲ. ಈ ಮನ್ಯಾಗ ನೀ ತಪ್ಪು ಮಾಡೀನಿ ಅಂದದ್ದು ಇವತ್ತ ಮೊದಲ ಸಲ ಕೇಳಿದೆ."

ಅವರು ಹೋದರು. ಜೆಸಿಬಿಯೂ ಹೋಯಿತು. ತೋಟ ಉಳಿದದ್ದಕ್ಕೆ ಸಂತೋಷಪಡಬೇಕಿತ್ತು, ಮೈಯೆಲ್ಲ ಉರಿಯುತ್ತಿತ್ತು. ಮೂರು ತಿಂಗಳ ನನ್ನ ಗುಳ್ಳೆ ಎದ್ದ ಕೈಗೆ ಸಿಗದ ಗಡುವು ಒಂದು ತಪ್ಪೊಪ್ಪಿಗೆಗೆ ಸಿಕ್ಕಿತಲ್ಲ ಎಂದು ಸಿಟ್ಟು. ಯಾರ ಮೇಲಾದರೂ ಹಾಯಬೇಕೆನಿಸಿತು. ಎದುರಿಗೆ ಇದ್ದವರು ನಮ್ಮವರೊಬ್ಬರೇ.

"ಅಲ್ರಿ," ಎಂದೆ, "ನಿನ್ನಿ ಎರಡು ಸಾಲು ಮುಗಿಯೂತನಕ ಸುಮ್ಮನ ನೋಡಿಕೋತ ಇದ್ರಲ್ಲ, ಮೊದಲ ಹೇಳಾಕ ಏನಾಗಿತ್ತು ನಿಮಗ?"

ಅವರು ಮೊದಲನೇ ಸಾಲಿನ ತುದಿಯ ಗಿಡದ ಬುಡದಲ್ಲಿ ಕೂತು, ನಾನು ಕಿತ್ತ ಜಾಗಕ್ಕೆ ಗೊಬ್ಬರ ಒತ್ತುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಮೊದಲನೇ ಗಿಡದಿಂದ ಹೇಳಾಕತ್ತಿದ್ದೆ ಪುಷ್ಪಾ."

ಅವರ ಪಕ್ಕದಲ್ಲಿ, ಸಾಲಿನೊಳಗೇ, ಕೂತೆ. ಸಂಚಿ ಬಿಚ್ಚಿ, ಬಸವ ಜಯಂತಿಯಿಂದ ಅಡಿಕೆಯ ಜೊತೆ ಇಟ್ಟುಕೊಂಡಿದ್ದ ಕಡ್ಡಿಪೆಟ್ಟಿಗೆಯನ್ನು ಅವರ ಅಂಗಿ ಕಿಸೆಗೆ ಹಾಕಿದೆ. ಅವರು ಅದನ್ನು ಮುಟ್ಟಿ ನೋಡಿಕೊಂಡರು, ತೆಗೆಯಲಿಲ್ಲ. ತಲೆಗೆ ಸುತ್ತಿದ್ದ ಟಾವೆಲಿನ ಅಂಚನ್ನು ಹರಿದು, ನನ್ನ ಬಲಗೈಯ ಚಿವುಟುವ ಹೆಬ್ಬೆರಳು ತೋರುಬೆರಳನ್ನು ಕೂಡಿಸಿ ಸುತ್ತಿ ಗಂಟು ಹಾಕಿದರು.

"ಬಿಗಿ ಆತೇನು?" ಎಂದು ಕೇಳಿದರು.

"ಇಲ್ಲ," ಎಂದೆ. ಬಿಗಿಯಾಗಿತ್ತು.